ಕರೆದರೆ ಬರುವ ಮೀನು

ಹಯಾತನಿಗೆ ಮೊದಲ ಪೆಟ್ಟು ಬಿದ್ದದ್ದು ಜೋಗದಲ್ಲಿ.

ಮೂವತ್ತಾರನೆಯ ಇಸವಿಯ ಬೇಸಿಗೆ ಆಗತಾನೇ ಶುರುವಾಗಿತ್ತು. ಶಿರಸಿಯಲ್ಲಿ ಬಾಡಿಗೆ ಮೋಟಾರು ಇಟ್ಟುಕೊಂಡವರು ಆಗ ಬೆರಳೆಣಿಕೆಯ ಮಂದಿ, ಹಯಾತ್ ಅವರಲ್ಲೊಬ್ಬ. ಅವನ ಮೋಟಾರು ಏರು ಕಂಡರೆ ಉಬ್ಬಸದ ಮುದುಕನ ಹಾಗೆ ನಿಂತುಬಿಡುತ್ತಿತ್ತು, ದುಡ್ಡು ಕೊಟ್ಟು ಕೂತವರೇ ಇಳಿದು ತಳ್ಳಬೇಕಾಗುತ್ತಿತ್ತು. ಹಯಾತನ ಬಾಯಲ್ಲಿ ಮಾತ್ರ ಅದು ಗಾಳಿಕುದುರೆ. ಮೋಟಾರು ಸಾಲದ್ದು, ಬಾಯಿಯೇ ಅವನ ಬಂಡವಾಳ. ಅಂಥವನು ಅಕ್ಕನ ಮಕ್ಕಳಿಗೆ ಸೀಮೆ ತೋರಿಸಲು ಹೊರಟರೆ ಸುಮ್ಮನೆ ಹೊರಟಾನೆಯೇ? ಸ್ಟ್ಯಾಂಡಿನಲ್ಲಿ ಎಲ್ಲರ ಎದುರು ಸಾರಿಯೇ ಹೊರಟ.

"ನಮ್ಮ ಸೀಮೆ ಕಂಡು ಆ ಹುಡುಗ್ರು ಬಾಯಿ ಬಿಡ್ಬೇಕು. ಬಿಡ್ಲಿಲ್ಲ ಅಂದ್ರೆ ನನ್ನ ಮೀಸೆ ಬೋಳಿಸಿ!"

ಅಕ್ಕ ಜುಬೇದಾ ಮದುವೆಯಾಗಿ ಆಫ್ರಿಕಾದ ಮೊಂಬಾಸಾಕ್ಕೆ ಹೋದವಳು, ಎಷ್ಟೋ ವರ್ಷದ ಮೇಲೆ ಈಗ ಮೊದಲ ಸಲ ತವರಿಗೆ ಬಂದಿದ್ದಳು. ಜೊತೆಗೆ ಮಗ ನೂರ್ ಅಹ್ಮದ್, ಮಗಳು ಖುರ್ಷಿದಾ. ಹುಡುಗನಿಗೆ ಮೀಸೆ ಚಿಗುರುವ ವಯಸ್ಸು. ಹುಡುಗಿ ಅವನಿಗಿಂತ ಎರಡು ವರ್ಷಕ್ಕೆ ಚಿಕ್ಕವಳು. ಇಬ್ಬರೂ ಹುಟ್ಟಿ ಬೆಳೆದದ್ದು ಅಲ್ಲೇ, ಸಮುದ್ರದ ದಂಡೆಯಲ್ಲಿ. ಅವರ ಪಾಲಿಗೆ ಶಿರಸಿಯೇ ಪರದೇಶ. ಅಮ್ಮ ಕತೆ ಹೇಳಿ ಹೇಳಿ ದೊಡ್ಡದು ಮಾಡಿಟ್ಟಿದ್ದ ಊರು ಕಣ್ಣೆದುರು ಬಂದಾಗ ಇಷ್ಟೇ ಇಷ್ಟು ಕಂಡಿತು. ಮನೆಯಲ್ಲಿ ಅವರೆಲ್ಲ ಆಡುತ್ತಿದ್ದದ್ದು ಉರ್ದು, ನಡುನಡುವೆ ಮಕ್ಕಳ ಬಾಯಿಂದ ಆಫ್ರಿಕಾದ ಮಾತು. ಇಲ್ಲಿ ಎಲ್ಲವನ್ನೂ ನಮ್ಮ ಮಾತಿನಲ್ಲೇ ಬರೆದಿದ್ದೇನೆ.

ಸಿದ್ದಾಪುರದ ದಾರಿಯ ಧೂಳನ್ನೆಲ್ಲ ಕುಡಿದು, ಎರಡು ಕಡೆ ಮೋಟಾರು ತಳ್ಳಿ, ಹಯಾತ್ ಮಕ್ಕಳನ್ನು ಜೋಗದ ನೆತ್ತಿಯ ಮೇಲೆ ನಿಲ್ಲಿಸಿದ. ನೀರು ಇಳಿದಿತ್ತು ನಿಜ, ಆದರೂ ಜೋಗ ಜೋಗವೇ. ಹಯಾತ್ ಅಬ್ಬಿಯ ಕಡೆ ನೋಡಲಿಲ್ಲ. ಹುಡುಗರ ಬಾಯಿಯನ್ನೇ ನೋಡುತ್ತ ನಿಂತ.

"ಯುಗಾಂಡದಲ್ಲಿ ಇದಕ್ಕಿಂತ ದೊಡ್ಡದಿದೆ ಮಾಮು" ಅಂದ ನೂರ್. "ಇಡೀ ನೈಲ್ ನದಿಯೇ ಬೀಳ್ತದೆ. ಕೆಳಗೆ ಮೊಸಳೆಗಳು ಬಾಯಿ ತೆರೆದು ಮಲಗಿರ್ತಾವೆ."

ಬಾಯಿ ತೆರೆದದ್ದು ಮೊಸಳೆ, ಹುಡುಗನಲ್ಲ. ಅಷ್ಟರಲ್ಲಿ ಖುರ್ಷಿದಾ ಹಯಾತನ ಮುಖ ನೋಡಿ, "ಇದೂ ಚೆನ್ನಾಗಿದೆ ಮಾಮು. ಎತ್ತರದಲ್ಲಿ ಇದೇ ಹೆಚ್ಚು" ಅಂದಳು. ಹುಡುಗನ ಮಾತಿಗಿಂತ ಹುಡುಗಿಯ ಈ ಕರುಣೆಯೇ ಅವನನ್ನು ಹೆಚ್ಚು ಚುಚ್ಚಿತು.

ಮುಂದಿನ ವಾರ ಯಾಣದ ಬಂಡೆಗೆ ಕರೆದೊಯ್ದ. ಕಾಡಿನೊಳಗಿಂದ ಕಪ್ಪಗೆ ಮುಗಿಲಿಗೆ ಎದ್ದ ಆ ಕಲ್ಲುಗಳ ಬುಡದಲ್ಲಿ ನಿಂತು ನೂರ್ ತಮ್ಮ ದೇಶದ ಬೆಟ್ಟದ ವಿಷಯ ತೆಗೆದ: ಸುಡುವ ಬಿಸಿಲಿನ ಸೀಮೆಯಲ್ಲೂ ಅದರ ನೆತ್ತಿಯ ಮೇಲೆ ಹಿಮವಂತೆ. ಯಲ್ಲಾಪುರದ ಕಡೆಯ ಕಾಡಿನಲ್ಲಿ ಹುಲಿ ತೋರಿಸುತ್ತೇನೆಂದು ನಸುಕಿನಲ್ಲೇ ಎಬ್ಬಿಸಿಕೊಂಡು ಹೋದರೆ ಕಂಡದ್ದು ಎರಡು ನವಿಲು, ಒಂದು ಹಿಂಡು ಮುಸುವ. "ನಮ್ಮಲ್ಲಿ ರೈಲಿನ ಕಿಟಕಿಯಿಂದಲೇ ಸಿಂಹ ಕಾಣ್ತದೆ" ಎಂದ ನೂರ್. ಅವನೇನೂ ಜಂಬದ ಹುಡುಗನಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳುವವನು. ಅಂಥವರ ಜೊತೆ ಜಗಳವಾಡಲೂ ಆಗುವುದಿಲ್ಲ, ಅದೇ ಕಷ್ಟ. ಅಪ್ಪ ಕೊಡಿಸಿದ ಗಾಳದ ಕೋಲೊಂದು ಅವನ ಬಳಿ ಇತ್ತು. ತುಂಡು ತುಂಡಾಗಿ ಬಿಚ್ಚಿ ಚೀಲದೊಳಗೆ ಹಾಕುವಂಥದು, ಹಿತ್ತಾಳೆಯ ರಾಟೆ ಬೇರೆ. ಹೋದ ಹೋದ ಹಳ್ಳದಲ್ಲೆಲ್ಲ ಗಾಳ ಹಾಕಿ ಕೂತ, ಒಂದು ಸಿಗಡಿಯೂ ಕಚ್ಚಲಿಲ್ಲ. "ಇಲ್ಲಿ ಮೀನೇ ಇಲ್ಲ ಅಂತ ಕಾಣ್ತದೆ" ಅಂತ ಯಾರನ್ನೂ ದೂರದೆ ಹೇಳಿ ಕೋಲು ಮಡಚಿದ.

ಸ್ಟ್ಯಾಂಡಿನಲ್ಲಿ ಹಯಾತ್ ತಲೆ ಎತ್ತುವ ಹಾಗಿಲ್ಲದಂತಾಯಿತು. ವಾನಳ್ಳಿಯ ರಘುಪತಿ ಹೆಗಡೆಯವರು ಅವನ ಖಾಯಂ ಗಿರಾಕಿ, ಕೀಟಲೆಯ ಮನುಷ್ಯ. ಹಿಂದಿನ ಸೀಟಿನಲ್ಲಿ ಕವಳದ ಸಂಚಿ ಬಿಚ್ಚುತ್ತ ಕೇಳಿಯೇಬಿಟ್ಟರು. "ಎಂತ ಹಯಾತಾ, ನಿನ್ನ ಆಫ್ರಿಕದ ಮಕ್ಕೊ ಬಾಯಿ ಬಿಟ್ವನ? ಇಲ್ಲೆ ಅಂದ್ರೆ ಆನು ಕ್ಷೌರದವಂಗೆ ಹೇಳಿ ಕಳಿಸ್ತೆ."

ಹಯಾತ್ ನಕ್ಕ. ನಕ್ಕದ್ದು ತುಟಿ ಮಾತ್ರ.

ಮಕ್ಕಳು ಹೊರಡುವ ದಿನ ಹತ್ತಿರವಾಯಿತು. ಶನಿವಾರ ಕಾರವಾರಕ್ಕೆ, ಅಲ್ಲಿಂದ ಆಗಬೋಟಿನಲ್ಲಿ ಮುಂಬಯಿ, ಮುಂಬಯಿಯಿಂದ ದೊಡ್ಡ ಹಡಗು. ಉಳಿದದ್ದು ಗುರುವಾರದ ಒಂದು ತಿರುಗಾಟ. ಅದು ಮಂಚಿಕೇರಿಯ ಆಚೆ ಬೇಡ್ತಿ ಹೊಳೆಯ ದಂಡೆಗೆ, ಶಮ್ಸಮ್ಮನ ಮನೆಗೆ ಊಟಕ್ಕೆ. ಮೊದಲೇ ಒಮ್ಮೆ ಅಲ್ಲಿಗೆ ಹೋಗಿ ಬಂದಿದ್ದ ಜುಬೇದಾ ಗಂಟುಮೂಟೆ ಕಟ್ಟಲು ಶಿರಸಿಯಲ್ಲೇ ಉಳಿದಳು.

ಶಮ್ಸಮ್ಮ ಎಂದರೆ ಹಯಾತನ ತಂದೆಯ ತಂಗಿ ಶಮ್ಸುನ್ನಿಸಾ. ಹೊಳೆಯ ಆಚೀಚೆಯ ಜನ ಆ ಉದ್ದದ ಹೆಸರನ್ನು ತಮ್ಮ ನಾಲಗೆಗೆ ತಕ್ಕಂತೆ ಕತ್ತರಿಸಿಕೊಂಡಿದ್ದರು. ಹಯಾತನಿಗೆ ಅವಳು ಫೂಫಿ, ಜುಬೇದಾಳ ಮಕ್ಕಳಿಗೆ ನಾನಿ, ಅಂದರೆ ಅಜ್ಜಿ. ಹೆಸರಿಗೆ ಫೂಫಿ, ನಿಜಕ್ಕೆ ತಾಯಿ. ಹೆತ್ತವಳು ತೀರಿಕೊಂಡಾಗ ಜುಬೇದಾಳಿಗೆ ಜಡೆ ಹೆಣೆದುಕೊಳ್ಳಲು ಬರುತ್ತಿರಲಿಲ್ಲ, ಹಯಾತನಿಗೆ ಹಲ್ಲೇ ಬಂದಿರಲಿಲ್ಲ. ಇಬ್ಬರನ್ನೂ ಸೊಂಟದ ಮೇಲೆ ಹೊತ್ತು ಸಾಕಿದವಳು ಅವಳೇ. ಗಂಡ ಬಿದಿರಿನ ಕಂತ್ರಾಟು ಹಿಡಿದಿದ್ದವನು, ಹೋಗಿ ಬಹಳ ಕಾಲವಾಗಿತ್ತು. ಹೊಳೆ ದಾಟುವಲ್ಲಿ ಗಾಡಿಯವರಿಗೆ, ಮೋಟಾರಿನವರಿಗೆ ಚಹಾ ಮಾಡಿ ಕೊಡುವ ಅಂಗಡಿ ಅವಳದು. ಗಾಡಿಯವರ ಜೊತೆ ಗಾಡಿಯವರ ಹಾಗೇ ಬಾಯಿ ಮಾಡುವವಳು, ಪಾಪದವಳೇನಲ್ಲ.

ಅವಳ ಅಂಗಡಿಯ ಹಿಂದೆ ಹೊಳೆ ಒಂದು ಉದ್ದನೆಯ ಮಡುವಾಗಿ ನಿಂತಿತ್ತು. ಜುಬೇದಾ ಮದುಮಗಳಾಗಿ ಹಡಗು ಹತ್ತಿದ ವರ್ಷದಿಂದ ಶಮ್ಸಮ್ಮ ಆ ಮಡುವಿನ ಮೀನುಗಳಿಗೆ ಶುಕ್ರವಾರ ಶುಕ್ರವಾರ ಗೋಧಿ ಹಿಟ್ಟಿನ ಉಂಡೆ ಹಾಕುತ್ತ ಬಂದಿದ್ದಳು. ಅದು ಸದಕಾ, ದೇವರ ಹೆಸರಿನಲ್ಲಿ, ಒಬ್ಬರ ತಲೆಯ ಮೇಲಿನ ಕೇಡು ಕಳೆಯಲಿ ಎಂದು ಕೊಡುವ ದಾನ. ನೀರಾಚೆ ಇರುವವರ ಸಲುವಾಗಿ ನೀರಿನ ಜೀವಕ್ಕೆ ಉಣಿಸಬೇಕು ಎಂದು ಅವಳಿಗೆ ಯಾರು ಹೇಳಿದ್ದರೋ, ಅವಳು ಬಿಡಲಿಲ್ಲ. ಗೋಧಿ ನಮ್ಮ ಕಡೆ ಬೆಳೆಯುವುದಲ್ಲ. ಹುಬ್ಬಳ್ಳಿಯಿಂದ ಬರುವ ಗಾಡಿಯವರ ಹತ್ತಿರ ತರಿಸಿ, ತಾನು ಗಂಜಿ ಕುಡಿದು, ಮೀನಿಗೆ ಗೋಧಿ ಹಾಕಿದಳು. ಜುಬೇದಾಳಿಗೆ ಮಗ ಹುಟ್ಟಿದನೆಂಬ ಸುದ್ದಿ ಬಂದಾಗ ಉಂಡೆ ಜಾಸ್ತಿಯಾಯಿತು, ಮಗಳು ಹುಟ್ಟಿದಾಗ ಇನ್ನೂ ಜಾಸ್ತಿಯಾಯಿತು.

ಮೆಟ್ಟಿಲ ಮೇಲೆ ಕೂತು ತಟ್ಟೆಗೆ ಸೌಟಿನಿಂದ ಟಿಣ್ ಟಿಣ್ ಬಡಿದರೆ ಸಾಕು, ತಳದಿಂದ ಕಪ್ಪು ಬೆನ್ನುಗಳು ಏಳುತ್ತಿದ್ದವು. ಮೊಣಕೈ ಉದ್ದದವು, ತೋಳುದ್ದದವು. ಕೈಯಿಂದಲೇ ತಿನ್ನುತ್ತಿದ್ದವು. ಅವುಗಳಲ್ಲಿ ಎಲ್ಲಕ್ಕಿಂತ ದೊಡ್ಡದಕ್ಕೆ, ಬಾಲ ಸೀಳಿದ್ದಕ್ಕೆ, ಶಮ್ಸಮ್ಮ 'ಬಡೇ ಮಿಯಾ' ಎಂದು ಹೆಸರಿಟ್ಟಿದ್ದಳು. ಅದು ಯಜಮಾನನ ಗತ್ತಿನಲ್ಲಿ ಕಡೆಗೆ ಬಂದು ಮೊದಲು ತಿನ್ನುತ್ತಿತ್ತು. ಎದುರು ದಂಡೆಯ ಕೆರಿಯ ಹುಟ್ಟಾ ಬಲೆಗಾರ, ಮೀನು ಹಿಡಿದೇ ಹೊಟ್ಟೆ ಹೊರೆಯುವವನು. ಅವನೂ ಶಮ್ಸಮ್ಮನ ಮಡುವಿಗೆ ಬಲೆ ಬೀಸಿದವನಲ್ಲ. ಬೇರೆ ಯಾರೂ ಬೀಸಿರಲಿಲ್ಲ. ಬೋರ್ಡು ಹಾಕಿರಲಿಲ್ಲ, ಆಣೆ ಇಟ್ಟಿರಲಿಲ್ಲ. ಮುದುಕಿ ಉಣಿಸುವ ಮೀನು, ಬಿಡಿ, ಎಂದು ಬಿಟ್ಟಿದ್ದರು ಅಷ್ಟೇ.

ಇದೆಲ್ಲ ಹಯಾತನಿಗೆ ಗೊತ್ತಿತ್ತು. ಅವನಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ, ಯಾಕೆಂದರೆ ಚಿಕ್ಕಂದಿನಲ್ಲಿ ಆ ತಟ್ಟೆ ಬಡಿಯಲು ಫೂಫಿಯ ಜೊತೆ ಜಗಳ ಮಾಡುತ್ತಿದ್ದವನು ಅವನೇ.

ಗುರುವಾರ ಬೆಳಿಗ್ಗೆ ಅಂಗಡಿಯ ಮುಂದೆ ಮೋಟಾರು ನಿಂತದ್ದೇ ಶಮ್ಸಮ್ಮ ಸೆರಗಿಗೆ ಕೈ ಒರೆಸುತ್ತ ಓಡಿ ಬಂದಳು. ಮಕ್ಕಳ ತಲೆ ಸವರಿ ತನ್ನ ನೆಟಿಗೆ ಮುರಿದುಕೊಂಡಳು. ಎಲ್ಲರಿಗೂ ಚಹಾ ಕೊಟ್ಟು ತಾನೂ ಬಸಿಗೆ ಸುರುವಿಕೊಂಡು ಸೊರ್ ಎಂದು ಕುಡಿದಳು. ಅವಳ ಸದ್ದಿಗೆ ಖುರ್ಷಿದಾ ನಕ್ಕಳು, ಶಮ್ಸಮ್ಮನೂ ನಕ್ಕಳು.

"ಮಧ್ಯಾಹ್ನ ಕೋಳಿ ಕೊಯ್ಯಿಸ್ತೆ. ಹೊತ್ತು ಮಾಡಬ್ಯಾಡಿ" ಎಂದಳು. "ಎಲ್ಲಿಗೆ ಹೊಂಟ್ರಿ ಹಯಾತಾ?"

"ಎಲ್ಲಿಗೂ ಇಲ್ಲ ಫೂಫಿ. ಇಲ್ಲೇ ಹೊಳೆ ಗುಂಟ ಮೇಲೆ ಹೋಗಿ ಬರ್ತೇವೆ. ಇವನಿಗೆ ಗಾಳದ ಹುಚ್ಚು."

"ಮೇಲಿನ ಹಳ್ಳದ ಬಾಯಿಗೆ ಹೋಗಿ. ಅಲ್ಲಿ ಸಿಕ್ರೂ ಸಿಗ್ತು" ಎಂದಳು ಶಮ್ಸಮ್ಮ. ತನ್ನ ಮಡುವಿನ ಮಾತನ್ನು ಅವಳು ಎತ್ತಲೇ ಇಲ್ಲ. ಹಯಾತ್ ಜೊತೆಯಲ್ಲಿದ್ದಾನಲ್ಲ, ಹೇಳುವುದೇನಿದೆ?

ಮೋಟಾರಿನಲ್ಲೇ ಹೋಗಿ ಮೇಲಿನ ಹಳ್ಳದ ಬಾಯಲ್ಲಿ ಬಿಸಿಲೇರುವವರೆಗೂ ಕೂತರು. ಗಾಳದ ಬೆಂಡು ಮುಳುಗಲಿಲ್ಲ. ನೂರ್ ಸಿಡುಕಲಿಲ್ಲ, ಸುಮ್ಮನೆ ಕೋಲು ಮಡಚತೊಡಗಿದ. "ಇರಲಿ ಬಿಡಿ ಮಾಮು. ನೀವು ಬಹಳ ತೊಂದರೆ ತಗೊಂಡ್ರಿ" ಎಂದ. ಖುರ್ಷಿದಾ ಮತ್ತೆ ಆ ಕರುಣೆಯ ಕಣ್ಣಿನಿಂದ ನೋಡಿದಳು. ಹಯಾತನ ತಲೆಯೊಳಗೆ ಏನೋ ಚುರುಕ್ಕೆಂದಿತು.

"ಬನ್ನಿ" ಅಂದ. "ಒಂದು ತೋರಿಸ್ತೆ. ನಿಮ್ಮ ಮೊಂಬಾಸಾದಲ್ಲಲ್ಲ, ನಿಮ್ಮ ರಾಜನ ಲಂಡನ್ನಿನಲ್ಲೂ ಕಂಡಿರಲಿಕ್ಕಿಲ್ಲ."

ಶಮ್ಸಮ್ಮನ ಮಡುವಿನ ಮೇಲ್ತುದಿ ಒಂದು ತಿರುವಿನಲ್ಲಿ ಬಿದಿರು ಹಿಂಡಿಲಿನ ಮರೆಗೆ ಬರುತ್ತದೆ. ಅಲ್ಲಿಂದ ಅಂಗಡಿ ಕಾಣುವುದಿಲ್ಲ, ಅಂಗಡಿಯಿಂದ ಅದೂ ಕಾಣುವುದಿಲ್ಲ. ಹಯಾತ್ ಮಕ್ಕಳನ್ನು ಬಂಡೆಯ ಮೇಲೆ ಕೂರಿಸಿದ. ಹತ್ತಿರವೇ ನಿಲ್ಲಿಸಿದ್ದ ಮೋಟಾರಿನಿಂದ ಬುತ್ತಿಯ ತಟ್ಟೆ ತಂದ, ನಟ್ಟು ಬಿಚ್ಚುವ ಪಾನಾ ತಂದ. ಉಳಿದಿದ್ದ ಚಪಾತಿ ಹರಿದು ಮುಷ್ಟಿಯಲ್ಲಿ ಹಿಡಿದುಕೊಂಡ. ತೋರಿಸುವುದಷ್ಟೇ, ಅಂದುಕೊಂಡ. ತೋರಿಸಿದರೆ ಯಾರಿಗೇನು ನಷ್ಟ? ನಾಲ್ಕು ಚೂರು ಹೆಚ್ಚೇ ತಿನ್ನುತ್ತವೆ, ಅಂದುಕೊಂಡ. ಮನುಷ್ಯ ಜಾರುವ ಮುಂಚೆ ಕಾಲಿಗೆ ಹೀಗೆಯೇ ಸಮಾಧಾನ ಹೇಳುತ್ತಾನೆ.

ಟಿಣ್ ಟಿಣ್ ಟಿಣ್.

ಮೊದಲು ನೀರು ಕಪ್ಪಾಯಿತು. ಆಮೇಲೆ ಆ ಕಪ್ಪು ಅಲುಗಾಡಿತು. ಆಮೇಲೆ ಬೆನ್ನುಗಳು, ತಾಮ್ರದ ಬಣ್ಣದ ಹುರುಪೆಗಳು, ದುಂಡನೆಯ ಬಾಯಿಗಳು. ಹಯಾತ್ ಕೈ ನೀರಿಗಿಟ್ಟ, ಅವು ಬೆರಳ ಸಂದಿಯಿಂದ ಚಪಾತಿ ಎಳೆದುಕೊಂಡವು. ಖುರ್ಷಿದಾ ಕಿರುಚಿ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ನೂರ್ ಮುಚ್ಚಿಕೊಳ್ಳಲಿಲ್ಲ. ಅವನ ಬಾಯಿ ತೆರೆದೇ ಇತ್ತು.

ಹಯಾತನಿಗೆ ಹೊಟ್ಟೆಗೆ ಹಾಲು ಹೊಯ್ದ ಹಾಗಾಯಿತು. ಜೋಗದಲ್ಲಿ, ಯಾಣದಲ್ಲಿ, ಕಾಡಿನಲ್ಲಿ ಕಾದು ಸಿಗದಿದ್ದದ್ದು ಇಲ್ಲಿ ಸಿಕ್ಕಿತ್ತು. ಅಲ್ಲಿಗೇ ತಟ್ಟೆ ಕೆಳಗಿಟ್ಟು ಎದ್ದಿದ್ದರೆ ಈ ಕತೆಯೇ ಇರುತ್ತಿರಲಿಲ್ಲ.

ನೂರ್ ಕೋಲು ಜೋಡಿಸಿ ಗಾಳಕ್ಕೆ ಚಪಾತಿಯ ಉಂಡೆ ಸಿಕ್ಕಿಸಿದ್ದ. ಆದರೆ ನೀರಿಗೆ ಹಾಕಲಿಲ್ಲ. ಹುಡುಗ ಮರ್ಯಾದೆಯವನು, ಹಿರಿಯರನ್ನು ಕೇಳಿಯೇ ಮಾಡುವವನು.

"ಮಾಮು, ಹಿಡಿಯಲಾ?"

ಬೇಡ ಎನ್ನುವುದು ಎಷ್ಟು ಸಣ್ಣ ಮಾತು! ಆದರೆ ಬೇಡ ಅಂದರೆ ಯಾಕೆಂದು ಹೇಳಬೇಕು. ಹೇಳಿದರೆ ಈ ಮೀನು ಹಯಾತ್ ಮಾಮುವಿನ ಕರಾಮತ್ತಲ್ಲ, ಒಬ್ಬ ಮುದುಕಿಯ ಹಿಟ್ಟಿನದು ಎಂದು ಹೇಳಬೇಕು. ಹುಡುಗನ ಕಣ್ಣು ತನ್ನ ಮೇಲೆ ನೆಟ್ಟಿದೆ, ಅದರಲ್ಲಿ ಇಷ್ಟು ದಿನ ಇಲ್ಲದ ಹೊಳಪಿದೆ. ಅದನ್ನು ಆರಿಸಲು ಹಯಾತನಿಗೆ ಮನಸ್ಸಾಗಲಿಲ್ಲ.

"ಒಂದೇ ಒಂದು" ಅಂದ.

ಅಂದು ಇನ್ನಷ್ಟು ಬಡಿದ. ಸಣ್ಣವು ಸರಿದು ದಾರಿ ಬಿಟ್ಟವು. ದೊಡ್ಡದೊಂದು ತಡವಾಗಿ, ಗತ್ತಿನಲ್ಲಿ ಬಂದು, ಉಂಡೆಯನ್ನು ನುಂಗಿತು. ರಾಟೆ ಕಿರ್ರೆಂದಿತು, ಕೋಲು ಬಿಲ್ಲಾಯಿತು. ಹುಡುಗ ಹಿಂದಕ್ಕೆ ವಾಲಿದ, ಹುಡುಗಿ ಅವನ ಸೊಂಟ ಹಿಡಿದಳು. ಹಯಾತ್ ತೊಡೆಯುದ್ದ ನೀರಿಗೆ ಧುಮುಕಿ, ಕೂಗುತ್ತ, ನಗುತ್ತ, ಎರಡೂ ತೋಳಿನಲ್ಲಿ ಅಪ್ಪಿ ಅದನ್ನು ಮರಳಿಗೆ ಎಸೆದ. ಆ ಹೊತ್ತಿನಲ್ಲಿ ಅವನಿಗಾದದ್ದು ಬರೀ ಸಂತೋಷವೇ, ಅದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ನೂರ್ ಮೊಣಕಾಲೂರಿ ಏದುಸಿರು ಬಿಡುತ್ತ ಹೇಳಿದ:

"ಮಾಮು, ಇಂಥದ್ದು ನಮ್ಮ ಮೊಂಬಾಸಾದಲ್ಲಿ ಇಲ್ಲ!"

ಹಯಾತ್ ಅಷ್ಟು ದಿನದಿಂದ ಕಾದಿದ್ದ ಮಾತು ಅದು. ಅದನ್ನು ಕೇಳುತ್ತಲೇ ಅವನ ಕಣ್ಣು ಮರಳಿನ ಮೇಲೆ ಬಡಿದುಕೊಳ್ಳುತ್ತಿದ್ದ ಬಾಲದ ಮೇಲೆ ಬಿತ್ತು. ಬಾಲ ನಡುವೆ ಸೀಳಿತ್ತು.

"ನೀರಿಗೆ ಬಿಡೋಣ" ಎಂದ ಥಟ್ಟನೆ. ಆದರೆ ಗಾಳ ಗಂಟಲೊಳಗೆ ಹೋಗಿತ್ತು. ಬಿಡಿಸುವಷ್ಟರಲ್ಲಿ ಬಡೇ ಮಿಯಾ ಬಡಿದುಕೊಳ್ಳುವುದು ನಿಂತಿತು.

ಹಯಾತನ ನಗು ಇಳಿದುಹೋದದ್ದು ಮಕ್ಕಳಿಗೆ ಕಾಣಲಿಲ್ಲ. ಅವರು ಬಿದಿರಿನ ಕೋಲಿಗೆ ಮೀನನ್ನು ಕಟ್ಟುತ್ತಿದ್ದರು.

"ಬಟ್ಟೆಯಲ್ಲಿ ಸುತ್ತಿ ಮೋಟಾರಿನಲ್ಲಿ ಇಡಿ. ಶಿರಸಿಗೆ ಒಯ್ಯೋಣ. ನಿಮ್ಮ ಅಮ್ಮ ಮಾಡಿ ಹಾಕ್ತಾಳೆ" ಅಂದ.

"ಈ ಬಿಸಿಲಿಗೆ ಶಿರಸಿ ಮುಟ್ಟುವಷ್ಟರಲ್ಲಿ ಕೆಡ್ತದೆ ಮಾಮು" ಎಂದ ನೂರ್. "ನಾನಿಯ ಮನೆ ಇಲ್ಲೇ ಇದೆಯಲ್ಲ. ನಾನಿಗೇ ಕೊಡೋಣ. ಅವರಿಗೆಂದು ನಾವು ಏನೂ ಕೊಟ್ಟಿಲ್ಲ."

ಸುಳ್ಳಿಗೆ ಶಿರಸಿ ಪೇಟೆಯಲ್ಲೇ ಹೆಸರಾದವನಿಗೆ ಆಗ ಒಂದು ಸುಳ್ಳೂ ಒದಗಲಿಲ್ಲ. ಮಕ್ಕಳು ಕೋಲಿನ ಎರಡು ತುದಿ ಹೆಗಲ ಮೇಲಿಟ್ಟುಕೊಂಡು ದಂಡೆಯ ಕಾಲುದಾರಿ ಹಿಡಿದು ಓಡಿದರು. ಹಯಾತ್ ಮೋಟಾರಿನ ಬಾನೆಟ್ಟು ಎತ್ತಿ, ಏನೂ ಆಗದಿದ್ದ ಎಂಜಿನ್ನಿನೊಳಗೆ ತಲೆ ಹಾಕಿ ನಿಂತ. ಪ್ಲಗ್ಗು ಬಿಚ್ಚಿದ, ಒರೆಸಿದ, ಮತ್ತೆ ಹಾಕಿದ. ನಾಚಿಕೆಯಿಂದ ಅವನ ಕಿವಿ ಸುಡುತ್ತಿತ್ತು. ಅವಳಿಗೆ ಗುರುತು ಸಿಗದಿದ್ದರೆ? ಹೊಳೆಯಲ್ಲಿ ಮೀನು ಒಂದೇ? ಬಾಲ ಸೀಳಿದ್ದು ಒಂದೇ? ಹಾಗೆ ತನಗೆ ತಾನೇ ಕೇಳಿಕೊಂಡ. ಮಕ್ಕಳು ಮಾಡಿದರು, ನಾನು ಅತ್ತ ಎಂಜಿನ್ ನೋಡುತ್ತಿದ್ದೆ, ಎಂದರೆ? ಆ ಯೋಚನೆ ಬಂದದ್ದಕ್ಕೆ ಇನ್ನಷ್ಟು ನಾಚಿಕೆಯಾಯಿತು.

ಕಡೆಗೆ ಮೋಟಾರು ತಂದು ಅಂಗಡಿಯ ಮುಂದೆ ನಿಲ್ಲಿಸಿದಾಗ ಬಡೇ ಮಿಯಾ ಬಾಳೆ ಎಲೆಯ ಮೇಲೆ ಮಲಗಿತ್ತು. ಸುತ್ತ ಮಕ್ಕಳು, ಪಕ್ಕದಲ್ಲಿ ಚಹಾಕ್ಕೆಂದು ಬಂದಿದ್ದ ಕೆರಿಯ. ಶಮ್ಸಮ್ಮ ಕುಕ್ಕರುಗಾಲಿನಲ್ಲಿ ಕೂತಿದ್ದಳು.

"ಅಮಾ, ಇದು ನಿಮ್ಮ ಹರಕು ಬಾಲದ್ದು..." ಎಂದು ಕೆರಿಯ ಬಾಯಿ ತೆರೆದ.

"ಕೆರಿಯಾ, ನಿನ್ನ ಕತ್ತಿ ಹರಿತ ಇದ್ಯನಾ? ಇತ್ಲಾಗೆ ಕೊಡು" ಎಂದಳು ಶಮ್ಸಮ್ಮ. "ನನ್ನದು ಮೊಂಡಾಗಿದು."

ಕೆರಿಯ ಒಮ್ಮೆ ಅವಳನ್ನು ನೋಡಿದ, ಒಮ್ಮೆ ಹಯಾತನನ್ನು ನೋಡಿದ. ಸೊಂಟದ ಕತ್ತಿ ತೆಗೆದುಕೊಟ್ಟ. ಚಹಾ ಬೇಡವೆಂದು ಎದ್ದು ಹೋದ.

"ಎಲ್ಲಿ ಸಿಕ್ತು ಮಗಾ?" ಶಮ್ಸಮ್ಮ ನೂರನನ್ನು ಕೇಳಿದಳು.

ಉತ್ತರ ಕೊಟ್ಟದ್ದು ಖುರ್ಷಿದಾ. ಮಾಮುವಿನ ಮೇಲೆ ಅವಳಿಗೆ ಈಗ ಕರುಣೆ ಇರಲಿಲ್ಲ, ಹೆಮ್ಮೆ ಇತ್ತು. "ಬಿದಿರಿನ ತಿರುವಿನಲ್ಲಿ ನಾನಿ! ಮಾಮು ತಟ್ಟೆ ಬಡಿದು ಕರೆದ್ರು. ಕರೆದದ್ದೇ ಎಲ್ಲ ಬಂದವು! ಮಾಮು ಹೇಳಿದ ಮಾತು ಕೇಳ್ತಾವೆ ಮೀನು!"

"ಹೌದಾ" ಎಂದಳು ಶಮ್ಸಮ್ಮ. ತಲೆ ಎತ್ತಿ ಹಯಾತನನ್ನು ನೋಡಿದಳು. ಬೈಗುಳವಿದ್ದರೆ ಅವನು ತಡೆದುಕೊಳ್ಳುತ್ತಿದ್ದ, ಅವಳ ಬೈಗುಳ ಉಂಡೇ ಬೆಳೆದವನು. ಆ ನೋಟದಲ್ಲಿ ಬೈಗುಳವಿರಲಿಲ್ಲ. ಹೊಸಬನೊಬ್ಬ ಅಂಗಡಿಗೆ ಬಂದರೆ ಯಾವ ಊರಿನವನಿರಬಹುದು ಎಂದು ನೋಡುತ್ತಾರಲ್ಲ, ಹಾಗೆ ನೋಡಿದಳು. ಆಮೇಲೆ ಹುಡುಗನ ಬೆನ್ನು ತಟ್ಟಿ, "ಶಾಬಾಸ್ ಬೇಟಾ. ಇಷ್ಟು ದೊಡ್ಡದು ಈ ಹೊಳೆಲಿ ಯಾರೂ ಹಿಡದ್ದಿಲ್ಲ" ಎಂದಳು. ಅದು ನಿಜವೇ ಆಗಿತ್ತು.

ಹುರುಪೆ ಹೆರೆದಳು, ಕೊಯ್ದಳು, ತೊಳೆದಳು. ತೆಂಗಿನಕಾಯಿ, ಮೆಣಸು, ಕೊತ್ತಂಬರಿ ಕಲ್ಲಿನ ಮೇಲೆ ಅರೆದಳು. ಅರೆಯುವ ಸದ್ದು ಅಂಗಳಕ್ಕೆ ಕೇಳುತ್ತಿತ್ತು, ಮಾತು ಮಾತ್ರ ಕೇಳುತ್ತಿರಲಿಲ್ಲ. ದಿನವೂ ಒಲೆಯ ಮುಂದೆ ಗಾಡಿಯವರನ್ನೋ ಸರ್ಕಾರವನ್ನೋ ಬೈಯುತ್ತಲೇ ಅಡುಗೆ ಮಾಡುವವಳು ಅವಳು. ಹಯಾತ್ ಹೋಗಿ ಕಾಲು ಹಿಡಿಯಬೇಕೆಂದು ಎರಡು ಸಲ ಎದ್ದ. ಮಕ್ಕಳು ಅಲ್ಲೇ ಒಲೆಯ ಹತ್ತಿರ ಕೂತು ಮೀನು ಹಿಡಿದ ಕತೆಯನ್ನು ಮತ್ತೆ ಮತ್ತೆ ಹೇಳುತ್ತಿದ್ದರು. ಹೇಳಿದಷ್ಟೂ ಅದರಲ್ಲಿ ಮಾಮು ದೊಡ್ಡವನಾಗುತ್ತ ಹೋಗುತ್ತಿದ್ದ. ಅವನು ಎರಡು ಸಲವೂ ಕೂತುಕೊಂಡ.

ಬಡಿಸುವಾಗ ಶಮ್ಸಮ್ಮ ಮೀನಿನ ತಲೆಯನ್ನು ಹಯಾತನ ತಟ್ಟೆಗೆ ಹಾಕಿದಳು. ಮನೆಯಲ್ಲಿ ದೊಡ್ಡ ಗಂಡಸಿಗೆ ತಲೆ ಕೊಡುವುದು ವಾಡಿಕೆ, ಅದರಲ್ಲಿ ವಿಶೇಷವೇನೂ ಇಲ್ಲ.

"ನೀವೂ ಕೂರಿ ನಾನಿ" ಎಂದಳು ಖುರ್ಷಿದಾ. "ನಿಮಗೆ ಅಂತಲೇ ತಂದದ್ದು."

"ನಂಗೆ ಇವತ್ತು ರೋಜಾ ಮಗಳೇ. ಗುರುವಾರ ಅಲ್ಲವಾ" ಎಂದಳು ಶಮ್ಸಮ್ಮ. "ನೀವು ಉಣ್ಣಿ, ನಾ ನೋಡ್ತೆ. ನೋಡಿದ್ರೇ ನಂಗೆ ಹೊಟ್ಟೆ ತುಂಬ್ತು."

ಮಕ್ಕಳು ನಂಬಿದರು. ಬೆಳಿಗ್ಗೆ ಬಸಿಯಲ್ಲಿ ಚಹಾ ಸೊರ್ ಎಂದು ಹೀರಿದ್ದಳಲ್ಲ, ರೋಜಾ ಹಿಡಿದವರು ನೀರೂ ಮುಟ್ಟುವುದಿಲ್ಲವಲ್ಲ, ಎಂಬುದು ಆ ಖುಷಿಯಲ್ಲಿ ಅವರಿಗೆ ನೆನಪಾಗಲಿಲ್ಲ. ಹಯಾತನಿಗೆ ನೆನಪಾಯಿತು. ನಮಾಜು ತಪ್ಪಿಸಿದರೂ ಸುಳ್ಳು ಹೇಳದ ಫೂಫಿ, ಮಕ್ಕಳ ಮುಂದೆ, ದೇವರ ಹೆಸರಿನ ಉಪವಾಸದ ಸುಳ್ಳು ಹೇಳಿದ್ದಳು. ಆ ಸುಳ್ಳನ್ನು ಅವಳ ಬಾಯಿಗೆ ಹಾಕಿದವನು ತಾನು.

ಉಂಡ ಮನೆಗೆ ಎರಡು ಬಗೆದವನು ಎನ್ನುತ್ತಾರೆ. ಹಯಾತ್ ಎರಡು ಬಗೆದ ಮೇಲೂ ಉಣ್ಣಬೇಕಾಗಿತ್ತು. ತಲೆಯ ಕಣ್ಣು ಬೆಳ್ಳಗೆ ಬೆಂದು ಅವನ ಕಡೆಯೇ ತಿರುಗಿತ್ತು. ಉಣ್ಣದಿದ್ದರೆ ಮಕ್ಕಳು ಯಾಕೆ ಎನ್ನುತ್ತಾರೆ. ತುತ್ತು ಕಲಸಿದ, ಬಾಯಿಗಿಟ್ಟ. ಸಾರು ರುಚಿಯಾಗಿತ್ತು. ಅವಳ ಕೈಯ ಅಡುಗೆ ಎಂದೂ ಕೆಟ್ಟದ್ದಿಲ್ಲ. ಅದು ರುಚಿಯಾಗಿದ್ದದ್ದೇ ಅವನಿಗೆ ತಡೆಯಲಾಗದ ಶಿಕ್ಷೆಯಾಯಿತು. ಭೂಮಿ ಬಾಯಿ ಬಿಡಬಾರದೇ ಎಂದುಕೊಂಡು ತುತ್ತಿನ ಮೇಲೆ ತುತ್ತು ನುಂಗಿದ. ಶಮ್ಸಮ್ಮ ಮಕ್ಕಳ ತಟ್ಟೆಯಲ್ಲಿ ಮುಳ್ಳು ಆರಿಸಿ ತೆಗೆಯುತ್ತ ಕೂತಿದ್ದಳು.

ಉಂಡ ಮಕ್ಕಳು ಜಗುಲಿಯ ಚಾಪೆಯ ಮೇಲೆ ಒರಗಿದವರು ಹಾಗೇ ನಿದ್ದೆ ಹೋದರು. ಹಯಾತ್ ಅಂಗಳದಲ್ಲಿ ಕೈ ತೊಳೆಯುತ್ತಿದ್ದ. ಎಷ್ಟು ತೊಳೆದರೂ ವಾಸನೆ ಹೋಗದೆ ಬೂದಿ ಹಚ್ಚಿ ಮತ್ತೆ ತೊಳೆಯುತ್ತಿದ್ದ. ಆಗ ಶಮ್ಸಮ್ಮ ಹೊರಗೆ ಬಂದಳು. ಒಂದು ಕೈಯಲ್ಲಿ ನಾದಿದ ಹಿಟ್ಟಿನ ಬೋಗುಣಿ, ಇನ್ನೊಂದರಲ್ಲಿ ತಟ್ಟೆ, ಸೌಟು.

"ಫೂಫಿ..." ಎಂದ ಹಯಾತ್.

"ಮೆತ್ತಗೆ ಮಾತಾಡು. ಮಕ್ಕಳು ಎದ್ದಾವು" ಎಂದಳು. "ಅವ್ರಿಗೆ ಇದು ಎಂತದೂ ಗೊತ್ತಾಗೂದು ಬ್ಯಾಡ. ಇವತ್ತಲ್ಲ, ಎಂದಿಗೂ ಬ್ಯಾಡ. ಖುಷಿಯಾಗಿ ಬಂದಾರೆ, ಖುಷಿಯಾಗೇ ಹೋಗ್ಲಿ. ಜುಬೇದಾಗೂ ಹೇಳ್ಬ್ಯಾಡ."

"ನನಗೆ ಬೈಯಿ ಫೂಫಿ. ಹೊಡಿ ಬೇಕಾದ್ರೆ."

"ನಿಂಗೆ ಹೊಡದ್ರೆ ಅದು ತಿರುಗಿ ನೀರಿಗೆ ಹೋಗ್ತನಾ?" ಎಂದಳು ಶಮ್ಸಮ್ಮ. "ಬಾ."

ಮೆಟ್ಟಿಲಿಳಿದು ಮಡುವಿನ ದಂಡೆಗೆ ಹೋದರು. ಬಿಸಿಲು ಆಚೆಯ ದಂಡೆಗೆ ಸರಿದಿತ್ತು. ನೀರು ಏನೂ ಆಗಿಲ್ಲವೆಂಬಂತೆ ಹಸುರಾಗಿ ನಿಂತಿತ್ತು. ಶಮ್ಸಮ್ಮ ತನ್ನ ಜಾಗದಲ್ಲಿ ಕೂತು ಹಿಟ್ಟಿನ ಉಂಡೆ ಕಟ್ಟತೊಡಗಿದಳು. ಕಟ್ಟುವಾಗ ತುಟಿ ಅಲ್ಲಾಡುತ್ತಿತ್ತು. ನೂರ್ ಅಹ್ಮದನ ಹೆಸರು ಕೇಳಿಸಿತು, ಖುರ್ಷಿದಾಳ ಹೆಸರು ಕೇಳಿಸಿತು. ನಾಳೆ ಶುಕ್ರವಾರ, ಆದರೆ ಮಕ್ಕಳು ಇಲ್ಲಿರುವುದು ಇವತ್ತು, ನಾಡಿದ್ದು ಹಡಗಿನ ದಾರಿ. ಆಮೇಲೆ ಇನ್ನೊಂದು ಹೆಸರೂ ಕೇಳಿಸಿತು. ಹಯಾತ್. ಅವನ ಹೆಸರಿನ ಉಂಡೆಯನ್ನು ಅವಳು ಎಂದಿನಿಂದ ಹಾಕುತ್ತಿದ್ದಳೋ, ಅವನಿಗೆ ಇವತ್ತಿನವರೆಗೆ ಗೊತ್ತಿರಲಿಲ್ಲ. ಅವನ ಕಣ್ಣು ತುಂಬಿತು, ಒರೆಸಿಕೊಳ್ಳಲು ಮುಖವಿರಲಿಲ್ಲ.

ಶಮ್ಸಮ್ಮ ಸೌಟು ಎತ್ತಿದಳು. ಸೌಟು ತಟ್ಟೆಗೆ ತಾಗಲಿಲ್ಲ. ಒಲೆಯ ಮುಂದೆ, ಕಲ್ಲಿನ ಮುಂದೆ, ಮಕ್ಕಳ ಮುಂದೆ ಎಲ್ಲೂ ನಿಲ್ಲದ ಕೈ ಅರ್ಧದಲ್ಲೇ ನಿಂತಿತು. ಆಮೇಲೆ ತಟ್ಟೆ, ಸೌಟು ಎರಡನ್ನೂ ಹಯಾತನ ಮಡಿಲಿಗಿಟ್ಟಳು.

"ನೀನೇ ಬಡಿ. ನೀ ಕರದ್ರೂ ಬತ್ತಾವಲ್ಲ."

ಅವಳು ಕುಟುಕಿ ಹೇಳಿದ್ದಲ್ಲ, ಇದ್ದದ್ದನ್ನು ಹೇಳಿದಳು ಅಷ್ಟೇ. ಹಯಾತ್ ಸೌಟು ಹಿಡಿದ. ಬರಬೇಡಿ, ಎಂದು ಮನಸ್ಸಿನಲ್ಲೇ ಬೇಡಿಕೊಂಡ. ಇವತ್ತು ಬರಬೇಡಿ. ನನ್ನ ಕೈ ಗುರುತು ಹಿಡಿಯಿರಿ, ತಳದಲ್ಲೇ ಇರಿ, ಇನ್ನು ಯಾರು ಕರೆದರೂ ಬರಬೇಡಿ. ಹುಟ್ಟಿದಾರಭ್ಯ ಅವನು ಅಷ್ಟು ನಿಜವಾದ ಪ್ರಾರ್ಥನೆ ಮಾಡಿರಲಿಲ್ಲ.

ಟಿಣ್ ಟಿಣ್ ಟಿಣ್.

ನೀರು ಕಪ್ಪಾಯಿತು. ಕಪ್ಪು ಅಲುಗಾಡಿತು. ಒಂದರ ಹಿಂದೊಂದು ಎಲ್ಲವೂ ಬಂದವು. ಮೆಟ್ಟಿಲ ಬುಡದಲ್ಲಿ ಗುಂಪು ಕಟ್ಟಿ, ದುಂಡನೆಯ ಬಾಯಿ ತೆರೆದು, ಬೆಳಿಗ್ಗೆ ತಿಂದದ್ದು ಇದೇ ಕೈಯಿಂದ ಎಂಬ ನಂಬಿಕೆಯಲ್ಲಿ ಹಯಾತನ ಬೆರಳುಗಳ ಹತ್ತಿರ ಬಂದು ನಿಂತವು.

"ಹಾಕು" ಎಂದಳು ಶಮ್ಸಮ್ಮ. "ಕಾಯಿಸಬ್ಯಾಡ ಅವಕ್ಕೆ."